ಅರ್ಧ ದಾರಿಯಲ್ಲಿ ತಿರುಗಿಸಿದ ಪೆಟ್ಟಿಗೆ

ಬಾಪೂಜಿ ನಗರ, ಬೆಂಗಳೂರು
೭ ಸೆಪ್ಟೆಂಬರ್ ೧೯೮೬, ಭಾನುವಾರ

ಪ್ರೀತಿಯ ಅಕ್ಕನಿಗೆ ತಮ್ಮ ಇನ್ನಾಸಪ್ಪನ ನಮಸ್ಕಾರ.

ನಿನ್ನ ಮಂಡಿ ನೋವು ಹೇಗಿದೆ? ಆ ಕಡೆ ಮಳೆಗಾಲದಲ್ಲಿ ಚಳಿಜ್ವರ ಹೆಚ್ಚು ಎಂದು ಹೋದ ವರ್ಷ ಬರೆದಿದ್ದೆ. ಸೊಳ್ಳೆ ಪರದೆ ಕಟ್ಟಿಕೊಂಡೇ ಮಲಗುತ್ತಿದ್ದೀಯ ತಾನೆ? ಇದ್ದ ಪರದೆಯನ್ನು ಹಾಸ್ಟೆಲಿನ ಮಕ್ಕಳಿಗೆ ಕೊಟ್ಟು ನೀನು ಹಾಗೇ ಮಲಗುವವಳು, ಅದು ನನಗೆ ಗೊತ್ತು. ನಿನ್ನ ನಾದಿನಿ ಫಿಲೋಮಿನ ನಿನಗೆಂದು ರಾಗಿ ಹುರಿಹಿಟ್ಟು ಮಾಡಿ ಡಬ್ಬಿಗೆ ಹಾಕಿಟ್ಟಿದ್ದಾಳೆ. ನಿಮ್ಮ ಕಾನ್ವೆಂಟಿನಿಂದ ಬೆಂಗಳೂರಿಗೆ ಬಂದು ಹೋಗುವವರು ಯಾರಾದರೂ ಇದ್ದರೆ ತಿಳಿಸು, ಅವರ ಕೈಯಲ್ಲಿ ಕಳಿಸುತ್ತೇವೆ. ಇಲ್ಲಿ ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಇದ್ದೇವೆ, ಅಷ್ಟೇ. ನಾನು ಫ್ಯಾಕ್ಟರಿಗೆ ಹೋಗುತ್ತಿದ್ದೇನೆ. ಲೇತಿನ ಮುಂದೆ ನಿಂತರೆ ಸದ್ದಿನಲ್ಲಿ ಬೇರೆ ಯೋಚನೆ ಬರುವುದಿಲ್ಲ. ರಾಜಾಜಿನಗರದಿಂದ ಬಸ್ಸಿನಲ್ಲಿ ಮನೆಗೆ ವಾಪಸು ಬರುವಾಗ ಬರುತ್ತದೆ.

ತಂತಿ ನಿನ್ನ ಕೈಗೆ ಸಿಕ್ಕಿದಾಗಲೇ ಇಲ್ಲಿ ಅಣ್ಣನ ಮಣ್ಣು ಮುಗಿದುಹೋಗಿತ್ತು. ಬರಲಾಗಲಿಲ್ಲವೆಂದು ನೊಂದುಕೊಳ್ಳಬೇಡ. ಆಮೇಲೆ ನಿನ್ನ ಕಾಗದವೂ ಬಂತು. ಇನ್‌ಲ್ಯಾಂಡ್ ಲೆಟರಿನ ಒಳಗೆ ಅಷ್ಟೊಂದು ಜಾಗವನ್ನು ಖಾಲಿ ಬಿಟ್ಟು ಒಂದೇ ಸಾಲು ಬರೆದಿದ್ದೀಯ, "ಅವನನ್ನು ಯಾವ ಕಡೆಗೆ ತಲೆ ಮಾಡಿ ಮಲಗಿಸಿದರು?" ಎಂದು. ಕಾಯಿಲೆ ಏನಾಗಿತ್ತು, ಕೊನೆಗೆ ಏನಾದರೂ ಹೇಳಿದನೇ, ಅದೇನೂ ಇಲ್ಲ. ಉತ್ತರ ಬರೆಯಲು ತಡವಾಯಿತು. ದಿನಾ ಡೈರಿಯಲ್ಲಿ ಎರಡು ಸಾಲು ಬರೆಯುವ ಅಭ್ಯಾಸವಿರುವ ನನಗೆ, ನಿನಗೆ ಬರೆಯಬೇಕೆಂದು ಕೂತರೆ ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ತಿಂಗಳ ಪೂಜೆ ಮುಗಿಯಲಿ, ಆಮೇಲೆ ಬರೆಯೋಣ ಎಂದುಕೊಂಡೆ. ಈ ವಾರ ಅದೂ ಮುಗಿಯಿತು.

ನಿನ್ನ ಪ್ರಶ್ನೆ ಏನೆಂದು ಫಿಲೋಮಿನಳಿಗೆ ಅರ್ಥವಾಗಲಿಲ್ಲ. ಚಿಕ್ಕವನಿದ್ದಾಗ ನೀನು ನನಗೆ ಹೇಳಿಕೊಟ್ಟದ್ದನ್ನೇ ಅವಳಿಗೆ ಹೇಳಿದೆ. ನಮ್ಮೂರಿನ ಮುದಿ ಸ್ವಾಮಿಗಳು ತೀರಿಕೊಂಡಾಗ ನೀನು ನನ್ನನ್ನೂ ಅಣ್ಣನನ್ನೂ ಚರ್ಚಿಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಅಪ್ಪ ಸತ್ತಾಗ ಪೆಟ್ಟಿಗೆಯನ್ನು ಇಟ್ಟ ಹಾಗಲ್ಲದೆ ತಿರುವುಮುರುವಾಗಿ ಯಾಕೆ ಇಟ್ಟಿದ್ದಾರೆ ಎಂದು ನಾನು ಕೇಳಿದೆ. ನೀನು ನನ್ನ ಕಿವಿಯಲ್ಲಿ ಹೇಳಿದೆ: "ನಮ್ಮಂಥೋರು ಸತ್ರೆ ಕಾಲು ಪೀಠದ ಕಡೆಗೆ ಕಣೋ, ಎದ್ದು ಕೂತ್ರೆ ಪೀಠ ಕಾಣ್ಬೇಕು. ಸ್ವಾಮಿಗಳು ಸತ್ರೆ ತಲೆ ಪೀಠದ ಕಡೆಗೆ, ಎದ್ದು ಕೂತ್ರೆ ಜನ ಕಾಣ್ಬೇಕು." ನಾನು ಆ ಸ್ವಾಮಿಗಳು ಎಲ್ಲಿ ಎದ್ದು ಕೂರುತ್ತಾರೋ ಎಂದು ಹೆದರಿ ನಿನ್ನ ಸೆರಗು ಹಿಡಿದುಕೊಂಡೆ. ಅಣ್ಣ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತ, "ನಾನೂ ಜನ ಕಾಣೋ ಹಂಗೇ ಮಲಗ್ತೀನಿ ಅಕ್ಕ" ಅಂದ. ಅಮ್ಮ ಆ ಮಾತನ್ನು ಎಷ್ಟು ಜನಕ್ಕೆ ಹೇಳಿಕೊಂಡು ತಿರುಗಿದಳು.

ಅಣ್ಣನ ವಿಷಯ ನಿನಗೆ ತಲುಪಿದ್ದೆಲ್ಲ ಬಿಷಪ್ಪರ ಮನೆಯ ಮೇಲಿನವರ ಕಡೆಯಿಂದ. ಕೆಳಗಿನಿಂದ ನಾನು ಬರೆಯಲೇ ಇಲ್ಲ, ನೀನೂ ಕೇಳಲಿಲ್ಲ. ಈಗ ಬರೆಯುತ್ತೇನೆ. ಅವನು ಇಲ್ಲಿಯ ಚರ್ಚಿಗೆ ಸ್ವಾಮಿಯಾಗಿ ಬಂದಾಗ, ಮೈಸೂರು ರಸ್ತೆ ಪಕ್ಕದ ಮೋರಿ ದಂಡೆಯ ಗುಡಿಸಲುಗಳ ಹೆಂಗಸರು ನೀರಿಗೆ ಚರ್ಚಿನ ಬಾವಿಗೇ ಬರುತ್ತಿದ್ದರು. ಅಂಗಳ ಕೆಸರಾಗುತ್ತದೆಂದು ಚರ್ಚಿನ ಹಿರಿಯರು ಗೇಟಿಗೆ ಬೀಗ ಹಾಕಿಸಿದರು. ಅಣ್ಣ ಬೀಗ ತೆಗೆಸಿದ. ಬೇಸಿಗೆಯಲ್ಲಿ ಬಾವಿಯೇ ಬತ್ತಿತು. ಆಗ ಆ ಹೆಂಗಸರ ಜೊತೆ ಕಾರ್ಪೊರೇಷನ್ ಆಫೀಸಿಗೆ ಅಲೆದ. ಇವತ್ತು ಬಾ, ನಾಳೆ ಬಾ ಎಂದು ಕಳಿಸುತ್ತಿದ್ದರು. ಒಂದು ದಿನ ನಮ್ಮ ಮನೆಗೆ ಬಂದು ನೀರು ಕುಡಿದು, "ಕೇಳಿ ಕೇಳಿ ಸಾಕಾಯ್ತು ಕಣೋ ಇನ್ನಾಸ, ಕೊಡೋ ಜಾಗದಲ್ಲೇ ಹೋಗಿ ಕೂತ್ಕೋತೀನಿ" ಅಂದ. ತಮಾಷೆಗೆ ಹೇಳಿದ ಎಂದುಕೊಂಡೆ. ಕಾರ್ಪೊರೇಷನ್ ಚುನಾವಣೆ ಬಂದಾಗ ಯಾವ ಪಕ್ಷವೂ ಇಲ್ಲದೆ ಲಾಂದ್ರದ ಗುರುತಿನಲ್ಲಿ ನಿಂತುಬಿಟ್ಟ. ನೀನು ಬಲ್ಲೆ, ಅವನ ಹಾಡುಗಳು ಅಷ್ಟು ಹೊತ್ತಿಗಾಗಲೇ ಎಷ್ಟೋ ಚರ್ಚುಗಳಲ್ಲಿ ಪೂಜೆಗೆ ಬಳಕೆಯಾಗಿದ್ದವು, ಅವನ ಕವಿತೆಗಳು ಪೇಪರಿನಲ್ಲಿ ಬರುತ್ತಿದ್ದವು. ಆದರೆ ಚುನಾವಣೆಗೆ ಭಾಷಣ ಮಾಡುವುದು ಅವನಿಗೆ ಬರಲಿಲ್ಲ. ಒಂದು ಹಾಡು ಕಟ್ಟಿದ. ಅದನ್ನು ಸುಣ್ಣದ ಗೋಡೆಗಳ ಮೇಲೆ ಹೆಂಗಸರೇ ಇದ್ದಿಲಿನಲ್ಲಿ ಬರೆದರು:

ನಲ್ಲಿ ಮುಂದೆ ನಿಂತ ತಾಯೆ,
ತುಂಬಲಿ ಕೊಡ, ಕಣ್ಣಲ್ಲ;
ನಿನ್ನ ಸರದಿ ಬರುವ ತನಕ
ದೇವರಿಗೂ ನೀರಿಲ್ಲ.

ಕೊನೆಯ ಸಾಲಿಗೆ ಚರ್ಚಿನ ಹಿರಿಯರು ಸಿಟ್ಟಾದರು, ದೇವರನ್ನು ನಲ್ಲಿ ಸಾಲಿನಲ್ಲಿ ನಿಲ್ಲಿಸಿದ್ದಾನೆ ಎಂದು ದೂರು ಮೇಲಕ್ಕೆ ಹೋಯಿತು. ಅಣ್ಣ ಗೆದ್ದ. ಗೆದ್ದ ಮೇಲೆ ಮೇಲಿನಿಂದ ಕಾಗದ ಬಂತು. ಒಂದೋ ಕಾರ್ಪೊರೇಷನ್ ಕುರ್ಚಿ, ಇಲ್ಲ ಬಲಿಪೀಠ, ಎರಡೂ ಒಬ್ಬನಿಗೆ ಆಗುವುದಿಲ್ಲ ಎಂದು. ಅವನು ಜಗಳವಾಡಲಿಲ್ಲ ಅಕ್ಕ. ಅವರ ನಿಯಮ ತಪ್ಪು ಎಂದೂ ಹೇಳಲಿಲ್ಲ. "ಅವಧಿ ಮುಗಿಯೋತನಕ ಈ ಜನಕ್ಕೆ ಮಾತು ಕೊಟ್ಟಿದೀನಿ. ಮುಗಿದ ದಿನ ಬಂದು ಪೀಠದ ಮುಂದೆ ಮೊಣಕಾಲೂರ್ತೀನಿ, ಆಗ ತಗೊಂಡ್ರೆ ತಗೊಳ್ಳಿ" ಎಂದು ಹೇಳಿ ಕಳಿಸಿದ. ಪೂಜೆ ಮಾಡಕೂಡದು, ಪಾಪನಿವೇದನೆ ಕೇಳಕೂಡದು ಎಂದು ಆಜ್ಞೆಯಾಯಿತು. ಟ್ರಂಕು ಹಿಡಿದುಕೊಂಡು ನಮ್ಮ ಮನೆಯ ಮುಂದಿನ ಕೋಣೆಗೆ ಬಂದ. ನಿಲುವಂಗಿ ಮಡಿಸಿಟ್ಟು ಬಿಳಿ ಜುಬ್ಬ ಹಾಕಿಕೊಂಡ. ಭಾನುವಾರ ಮಾತ್ರ ತಪ್ಪಿಸಲಿಲ್ಲ. ತಾನು ಪೂಜೆ ಮಾಡುತ್ತಿದ್ದ ಅದೇ ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಸತ್ಪ್ರಸಾದದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದ. ತನ್ನದೇ ಹಾಡನ್ನು ಹಾಡಿದಾಗ ಜನರ ಜೊತೆ ಮೆಲ್ಲಗೆ ಹಾಡುತ್ತಿದ್ದ.

ಅಮ್ಮ ಇದ್ದಷ್ಟು ದಿನವೂ ಅವನನ್ನು ಸ್ವಾಮಿ ಎಂದೇ ಕರೆದಳು. ದೀಕ್ಷೆಯಾದ ದಿನದಿಂದ ಹೆಸರು ಹಿಡಿದು ಕರೆದವಳಲ್ಲ, ನಿನಗೆ ಗೊತ್ತಲ್ಲ. ಕಾಗದ ಬಂದ ಮೇಲೆ ಇನ್ನೂ ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ, "ಸ್ವಾಮಿ, ಊಟಕ್ಕೆ ಬನ್ನಿ" ಎನ್ನುತ್ತಿದ್ದಳು. ನಾನು ಅಣ್ಣ ಎನ್ನುತ್ತಿದ್ದೆ, ಹಾಗೇ ಇರಲಿ ಎಂದು ಅವನೇ ಹೇಳಿದ್ದ. ನೀನು ಮೊದಲಿನಿಂದಲೂ ಕಾಗದದಲ್ಲಿ "ಸ್ವಾಮಿ ಚೌರಪ್ಪನವರಿಗೆ" ಎಂದೇ ಬರೆಯುತ್ತಿದ್ದವಳು. ಅಮ್ಮ ತೀರಿಕೊಂಡ ವರ್ಷ ನಿನ್ನಿಂದ ನನಗೆ ಬಂದ ಕಾಗದದ ಕೊನೆಯಲ್ಲಿ "ಚೌರಪ್ಪನಿಗೂ ವಿಷಯ ತಿಳಿಸು" ಎಂದು ಬರೆದೆ. ಅವನಿಗೆ ತೋರಿಸಬಾರದು ಎಂದುಕೊಂಡಿದ್ದೆ, ಅವನೇ ಕೇಳಿ ಇಸಿದುಕೊಂಡು ಓದಿದ. ಮಡಿಸಿ ವಾಪಸು ಕೊಡುತ್ತ, "ಎಷ್ಟೋ ವರ್ಷ ಆಗಿತ್ತು ಕಣೋ ಅಕ್ಕ ನನ್ನ ಹೆಸರು ಹಿಡಿದು ಕರೆದು" ಅಂದ. ನಗುತ್ತಲೇ ಅಂದ. ಆಮೇಲೆ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಬಾಗಿಲ ಹತ್ತಿರವೇ ನಿಂತಿದ್ದ. ನಿನ್ನ ಮೇಲೆ ಕೋಪ ಮಾಡಿಕೊಂಡಿರಲಿಲ್ಲ, ಅದನ್ನು ನಂಬು. ಕ್ರಿಸ್‌ಮಸ್ಸಿಗೆ ನಿನಗೆ ಕಾರ್ಡು ಹಾಕುವುದನ್ನು ಬಿಡಲಿಲ್ಲವಲ್ಲ.

ಜುಲೈ ಕೊನೆಯಲ್ಲಿ ಕಾಮಾಲೆ ಹಿಡಿಯಿತು. ಆಸ್ಪತ್ರೆಗೆ ಹೋಗುವುದಕ್ಕೂ ಮೊದಲು ಹಳದಿ ಕಣ್ಣು ಇಟ್ಟುಕೊಂಡೇ ಮೋರಿ ದಂಡೆಗೆ ಹೋಗಿ ಬರುತ್ತಿದ್ದ. ಅಲ್ಲಿಯ ಜನಕ್ಕೆ ನಲ್ಲಿ ಬಂದಾಗಿತ್ತು, ಮನೆ ಜಾಗದ ಹಕ್ಕುಪತ್ರ ಬರುವುದು ಬಾಕಿ ಇತ್ತು. ಡಾಕ್ಟರು ತಡವಾಯಿತು ಎಂದರು. ಮನೆಗೆ ಕರೆತಂದೆವು. ಮಂಗಳವಾರ ಬೆಳಿಗ್ಗೆ, ಫಿಲೋಮಿನ ಗಂಜಿ ಆರಿಸುತ್ತಿರುವಾಗ, ಹೋಗಿಬಿಟ್ಟ. ಹಿಂದಿನ ದಿನವೇ ಚರ್ಚಿನ ಈಗಿನ ಸ್ವಾಮಿಗಳು ಬಂದು ಹಣೆಗೆ ಎಣ್ಣೆ ಹಚ್ಚಿ ಕೊನೆಯ ಅಭಿಷೇಕ ಕೊಟ್ಟಿದ್ದರು. ಅವರು ಬಂದು ಇನ್ನೂ ವರ್ಷವಾಗಿಲ್ಲ, ಚಿಕ್ಕ ವಯಸ್ಸು, ಒಳ್ಳೆಯವರೇ. ಸತ್ತ ಸುದ್ದಿ ಹೇಳಲು ನಾನು ಹೋದಾಗ ನನ್ನನ್ನು ಕೂರಿಸಿ, ಮೇಲಿನವರನ್ನು ನಿನ್ನೆಯೇ ಫೋನಿನಲ್ಲಿ ಕೇಳಿದ್ದೇನೆ ಎಂದರು. ಪೂಜೆ ಮಾಡಬಹುದು, ನಮ್ಮ ಮಣ್ಣಿನಲ್ಲೇ ಹೂಳಬಹುದು. ಆದರೆ ಪೂಜಾವಸ್ತ್ರ ಹೊದಿಸುವಂತಿಲ್ಲ, ಪ್ರಾರ್ಥನೆಯಲ್ಲಿ ಗುರು ಎನ್ನುವಂತಿಲ್ಲ, ಪೆಟ್ಟಿಗೆಯನ್ನು ಎಲ್ಲ ಗೃಹಸ್ಥರ ಹಾಗೆ ಕಾಲು ಪೀಠದ ಕಡೆ ಬರುವಂತೆ ಇಡಬೇಕು. "ನನ್ನ ಕೈಲಿಲ್ಲ ಇನ್ನಾಸಪ್ಪೋರೆ" ಎಂದರು. ಅವರ ಕಣ್ಣೂ ತೇವವಾಗಿತ್ತು. ಆಯಿತು ಸ್ವಾಮಿ ಎಂದು ಹೇಳಿ ಎದ್ದು ಬಂದೆ. ದಾರಿಯಲ್ಲಿ ಅವನು ಚಿಕ್ಕಂದಿನಲ್ಲಿ ಆಡಿದ್ದ ಮಾತು ನೆನಪಾಯಿತು. ಇನ್ನು ಎರಡು ವರ್ಷ ಬದುಕಿದ್ದರೆ ಅವಧಿ ಮುಗಿಯುತ್ತಿತ್ತು. ಮೊಣಕಾಲೂರಲು ಹೋಗುತ್ತಿದ್ದ.

ಮನೆಗೆ ಬರುವ ಹೊತ್ತಿಗೆ ಬೀದಿ ತುಂಬ ಮೋರಿ ದಂಡೆಯ ಜನ. ಹೊರಡುವುದಕ್ಕೆ ವ್ಯಾನಿಗೆ ಹೇಳಿದ್ದೆ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಮುನಿರಾಮಯ್ಯ, ಅವರಲ್ಲೆಲ್ಲ ಹಿರಿಯ, ಮುಂದೆ ಬಂದು, ವ್ಯಾನು ಬೇಡ ನಾವು ಹೊರುತ್ತೇವೆ ಎಂದ. ದೂರ ಇದೆ, ಮೈಸೂರು ರಸ್ತೆಯ ಗಾಡಿಗಳ ನಡುವೆ ಕಷ್ಟ ಎಂದೆ. ಕೈಗಾಡಿಯಲ್ಲಿ ಸೊಪ್ಪು ಮಾರುವ ಅಕ್ಕಯ್ಯಮ್ಮ ಸುಮ್ಮನಿರಲಿಲ್ಲ. "ನಮ್ಮ ಅರ್ಜಿನೆಲ್ಲ ಹೆಗಲ ಮೇಲೆ ಹೊತ್ಕಂಡು ಆಫೀಸು ಆಫೀಸು ತಿರುಗ್ದೋರು ಅವ್ರು. ಒಂದ್ ದಿನ ನಾವ್ ಹೊತ್ರೆ ನಿಮ್ ವ್ಯಾನಿಗೇನ್ ನಷ್ಟಾನಾ?" ಎಂದಳು. ವ್ಯಾನಿನವನೇ ಗಾಡಿ ಹಿಂದಕ್ಕೆ ತೆಗೆದ. ಅಣ್ಣನಿಗೆ ಬಿಳಿ ಜುಬ್ಬವನ್ನೇ ಹಾಕಿದ್ದೆವು. ಕೈಯಲ್ಲಿ ಅಮ್ಮನ ಜಪಸರ ಸುತ್ತಿದೆ. ಮುಚ್ಚಳ ಹಾಕಿ, ಕಾಲು ಮುಂದೆ ಮಾಡಿ ಹೊರಟರು. ಹಾಗೇ ನೇರವಾಗಿ ಚರ್ಚಿಗೆ ಹೋಗಿದ್ದರೆ ಮೇಲಿನವರು ಹೇಳಿದಂತೆಯೇ ಆಗುತ್ತಿತ್ತು, ನಿನ್ನ ಪ್ರಶ್ನೆಗೂ ನಾನು ಒಂದೇ ಸಾಲಿನಲ್ಲಿ ಉತ್ತರ ಬರೆಯುತ್ತಿದ್ದೆ.

ದೀಪಾಂಜಲಿ ನಗರದ ತಿರುವಿನ ಹತ್ತಿರ ಒಂದು ಹೊಂಗೆ ಮರವಿದೆ. ಅಲ್ಲಿಗೆ ಬಂದ ಕೂಡಲೇ ಮುನಿರಾಮಯ್ಯ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು. ದಣಿವಾರಿಸಿಕೊಳ್ಳುತ್ತಾರೆ ಎಂದುಕೊಂಡೆ. ಅಕ್ಕಯ್ಯಮ್ಮ ಸೆರಗಿನಿಂದ ಒಂದು ಹಿಡಿ ಅಕ್ಕಿ ಬಿಚ್ಚಿ ನೆಲದ ಮೇಲೆ ಚೆಲ್ಲಿದಳು. ಹೊತ್ತವರು ಪೆಟ್ಟಿಗೆಯ ಸುತ್ತ ಬಂದು, ಮುಂದಿದ್ದವರು ಹಿಂದಾಗಿ ಹಿಂದಿದ್ದವರು ಮುಂದಾಗಿ, ಪೆಟ್ಟಿಗೆಯನ್ನು ಪೂರ್ತಿ ತಿರುಗಿಸಿ ಮತ್ತೆ ಹೆಗಲಿಗೇರಿಸಿದರು. ಈಗ ತಲೆ ಮುಂದಾಯಿತು. ಹೆಣವನ್ನು ಅರ್ಧ ದಾರಿಯಲ್ಲಿ ಇಳಿಸಿ ತಿರುಗಿಸುವುದು ಅವರಲ್ಲಿ ಪದ್ಧತಿ, ಜೀವಕ್ಕೆ ಮನೆಗೆ ವಾಪಸು ಬರುವ ದಾರಿ ತಿಳಿಯಬಾರದೆಂದು. ನಾವು ಹಾಗೆ ಮಾಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಪೆಟ್ಟಿಗೆಯ ಪಕ್ಕದಲ್ಲೇ ಇದ್ದೆ. ತಲೆಯ ಕಡೆಯ ಅಗಲವಾದ ಭಾಗ ಮುಂದಕ್ಕೆ ಸಾಗಿದ್ದನ್ನು ನೋಡಿದೆ. ಮುಂದೆ ಏನಾಗುತ್ತದೆ ಎಂದು ಆ ಕ್ಷಣವೇ ಹೊಳೆಯಿತು. ಬಾಯಿ ತೆರೆಯಲಿಲ್ಲ ಅಕ್ಕ. ಫಿಲೋಮಿನ ನನ್ನ ಮುಖ ನೋಡಿದಳು.

ಚರ್ಚಿನ ಬಾಗಿಲಲ್ಲಿ ಸ್ವಾಮಿಗಳು ತೀರ್ಥ ಚಿಮುಕಿಸಲು ನಿಂತಿದ್ದರು. ಪೆಟ್ಟಿಗೆ ತಲೆ ಮುಂದಾಗಿ ಬರುವುದನ್ನು ಕಂಡು ಅವರ ಕೈ ಹಾಗೇ ನಿಂತಿತು. ತಿರುಗಿಸಿ ತನ್ನಿ ಎಂದು ಮೆಲ್ಲಗೆ ಹೇಳಿದರು. ಮುನಿರಾಮಯ್ಯನಿಗೆ ಗಾಬರಿಯಾಯಿತು.

"ಆಗಲ್ಲ ಸಾಮಿ. ಒಂದ್ಸಲ ತಿರುಗ್ಸಾಯ್ತು. ಮತ್ತೆ ತಿರುಗ್ಸಿದ್ರೆ ಮನೆ ಕಡೆಗೆ ಹೊಂಟಂಗೆ. ಜೀವ ದಾರಿಲೇ ಅಲೀತದೆ."

ಚರ್ಚಿನ ಹಿರಿಯರೊಬ್ಬರು ಮುಂದೆ ಬಂದು, ಅದೆಲ್ಲ ನಿಮ್ಮಲ್ಲಿ, ಇದು ಚರ್ಚು, ತಿರುಗಿಸ್ರಯ್ಯ ಎಂದು ಗದರಿದರು. ಹೊತ್ತವರಲ್ಲಿ ಒಬ್ಬನೂ ಅಲ್ಲಾಡಲಿಲ್ಲ. ಹಿಂದಿನಿಂದ ಅಕ್ಕಯ್ಯಮ್ಮ, "ಬದುಕಿದ್ದಾಗ ಬಾಗ್ಲತ್ರ ಕೂರಿಸಿದ್ರಿ, ಈಗ ಬಾಗ್ಲಲ್ಲೇ ನಿಲ್ಲಿಸ್ತೀರಾ? ಹೊತ್ತೋರ ಹೆಗಲು ಬಿದ್ದೋಗ್ತಾವೆ, ಬೇಗ ಹೇಳಿ ಸಾಮಿ" ಎಂದಳು. ಸ್ವಾಮಿಗಳು ನನ್ನ ಕಡೆ ತಿರುಗಿದರು. "ಇನ್ನಾಸಪ್ಪೋರೆ, ನೀವಾದ್ರೂ ಹೇಳಿ. ನಿಮಗೆ ಗೊತ್ತಿದೆ."

ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲದವನು ನಾನು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಹೊತ್ತೋರು ಅವರು ಸ್ವಾಮಿ. ಅವರ ಪದ್ಧತಿ ಹೆಂಗಿದೆಯೋ ಹಂಗೆ" ಎಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

ಸ್ವಾಮಿಗಳು ಪೆಟ್ಟಿಗೆಯನ್ನು ನೋಡಿದರು, ಹೊತ್ತವರ ಬೆವರನ್ನು ನೋಡಿದರು. ಆಮೇಲೆ ತೀರ್ಥ ಚಿಮುಕಿಸಿ, ಪಕ್ಕಕ್ಕೆ ಸರಿದು, "ಬನ್ನಿ" ಎಂದರು. ಹಿರಿಯರು ಒಳಗಾದರೂ ತಿರುಗಿಸೋಣ ಎಂದು ಅವರ ಕಿವಿಯಲ್ಲಿ ಏನೋ ಹೇಳಿದರು. "ಇರಲಿ ಬಿಡಿ" ಎಂದು ಸ್ವಾಮಿಗಳು ಮುಂದೆ ನಡೆದರು.

ಹೀಗೆ ಅಕ್ಕ, ತಲೆ ಪೀಠದ ಕಡೆಗೆ, ಮುಖ ಜನದ ಕಡೆಗೆ. ಇದು ನಿನ್ನ ಪ್ರಶ್ನೆಗೆ ಉತ್ತರ. ಅವನು ಎದ್ದು ಕೂತಿದ್ದರೆ ಯಾರು ಕಾಣುತ್ತಿದ್ದರು ಗೊತ್ತೇ? ಬೆಂಚುಗಳಲ್ಲಿ ನಮ್ಮವರು ಅಷ್ಟಿಷ್ಟು, ಮಿಕ್ಕ ಜಾಗವೆಲ್ಲ ಮೋರಿ ದಂಡೆಯವರು. ಯಾವಾಗ ಏಳಬೇಕು ಯಾವಾಗ ಕೂರಬೇಕು ತಿಳಿಯದೆ ನಮ್ಮವರನ್ನು ನೋಡಿ ನೋಡಿ ಎದ್ದು ಕೂರುತ್ತಿದ್ದರು. ಅಕ್ಕಯ್ಯಮ್ಮ ಅವನ ಕೊನೆಯ ಬೆಂಚಿನಲ್ಲೇ ಕೂತಿದ್ದಳು, ಯಾರೂ ತೋರಿಸಿರಲಿಲ್ಲ. ಅವನ ಹಾಡು ಹಾಡಬೇಡಿ ಎಂದು ಹಿರಿಯರು ಹಾಡುವವರಿಗೆ ಹೇಳಿದ್ದರಂತೆ. ಆದರೆ ಸಾವಿನ ಪೂಜೆಗೆ ನಮ್ಮವರಿಗೆ ಬಾಯಿಗೆ ಬರುವ ಹಾಡೆಲ್ಲ ಅವನವೇ. ಬೇರೆ ಯಾವುದು ಹಾಡುವುದು ಎಂದು ಪುಸ್ತಕ ತಿರುವಿ ತಿರುವಿ, ಕೊನೆಗೆ ಅದನ್ನೇ ಹಾಡಿದರು. ಪ್ರಾರ್ಥನೆಯಲ್ಲಿ ಮಾತ್ರ ಸ್ವಾಮಿಗಳು ಮೇಲಿನವರ ಮಾತು ಮೀರಲಿಲ್ಲ. "ನಿಮ್ಮ ಸೇವಕ ಚೌರಪ್ಪ" ಎಂದರು. ಅಷ್ಟೇ ಹೆಸರು. ಅಮ್ಮನ ಪಕ್ಕದಲ್ಲೇ ಜಾಗ ಸಿಕ್ಕಿತು. ಗುಂಡಿಯಲ್ಲೂ ಅದೇ ದಿಕ್ಕಿನಲ್ಲಿ ಇಳಿಸಿದರು. ಮತ್ತೆ ತಿರುಗಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಎಲ್ಲ ಮುಗಿದ ಮೇಲೆ ಮುನಿರಾಮಯ್ಯ ಗೇಟಿನ ಹತ್ತಿರ ನನ್ನನ್ನು ಹಿಡಿದು, ಬಾಗಿಲಲ್ಲಿ ಯಾಕೆ ತಡೆದರು, ನಮ್ಮಿಂದೇನಾದರೂ ತಪ್ಪಾಯಿತಾ ಎಂದು ಕೇಳಿದ. ಪೀಠ, ತಲೆ, ಕಾಲು ಎಲ್ಲವನ್ನೂ ಹೇಳಿದೆ. ಅವನು ಟವೆಲಿನಲ್ಲಿ ಕತ್ತು ಒರೆಸಿಕೊಂಡ. ಆಮೇಲೆ, "ಮೊದ್ಲೇ ಹೇಳ್ಬಾರ್ದಾ ಇನ್ನಾಸಣ್ಣ? ಗೊತ್ತಿದ್ದಿದ್ರೆ ಮನೆಯಿಂದ್ಲೇ ಹಂಗೇ ತರ್ತಿದ್ವಿ" ಎಂದ. ಆ ದಿನ ನಾನು ಅತ್ತದ್ದು ಆಗಲೇ.

ಈಗ ಭಾನುವಾರ ಚರ್ಚಿಗೆ ಹೋದರೆ ನನ್ನ ಕಾಲು ತಾನಾಗಿ ಕೊನೆಯ ಬೆಂಚಿಗೆ ಹೋಗುತ್ತದೆ. ಅವನ ಕೋಣೆಯನ್ನು ಫಿಲೋಮಿನ ಇನ್ನೂ ಗುಡಿಸಿ ಹಾಗೇ ಬಿಡುತ್ತಾಳೆ. ಬೆಳಿಗ್ಗೆ ಹೊತ್ತು ಮೋರಿ ದಂಡೆಯಿಂದ ಯಾರಾದರೂ ಬಂದು ಬಾಗಿಲ ಹತ್ತಿರ ನಿಂತು, ಅವನಿಲ್ಲ ಎಂದು ನೆನಪಾಗಿ, ಸುಮ್ಮನೆ ನೀರು ಕೇಳಿ ಕುಡಿದು ಹೋಗುತ್ತಾರೆ. ನೀನು ದೂರ ಇದ್ದೀಯ, ಪಾಲಿಸಬೇಕಾದ ಮಾತು ನಿನಗೂ ಇದೆ. ನಿನ್ನನ್ನು ನೋಯಿಸಲು ಇದನ್ನೆಲ್ಲ ಬರೆದಿಲ್ಲ. ನೀನು ಕೇಳಿದೆ ಎಂಬುದೇ ನನಗೆ ಸಮಾಧಾನ. ಮಂಡಿಗೆ ಎಣ್ಣೆ ಹಚ್ಚಿಕೊ, ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡು. ನಿಮ್ಮ ಮನೆಯ ಸಿಸ್ಟರುಗಳಿಗೆಲ್ಲ ನಮ್ಮ ನಮಸ್ಕಾರ ತಿಳಿಸು. ಅಮ್ಮ ಇದ್ದಿದ್ದರೆ ನಿನ್ನ ಹಣೆ ಮೇಲೆ ಶಿಲುಬೆ ಗುರುತು ಹಾಕಿ ಕಾಗದ ಮುಗಿಸು ಎನ್ನುತ್ತಿದ್ದಳು. ಚಿಕ್ಕವನಾದರೂ ಅವಳ ಪರವಾಗಿ ಇಲ್ಲಿಂದಲೇ ಹಾಕಿದ್ದೇನೆ.

ನಿನ್ನ ತಮ್ಮ,
ಇನ್ನಾಸಪ್ಪ

ಮತ್ತೆ: ಅಂಟಿಸಿದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ನವೆಂಬರಿನ ಸತ್ತವರ ಹಬ್ಬಕ್ಕೆ ಮೊದಲು ಕಲ್ಲು ನಿಲ್ಲಿಸಬೇಕು. ಕಲ್ಲು ಕೆತ್ತುವ ಲಕ್ಷ್ಮೀಪತಿ ಶಿಲುಬೆ ಮತ್ತು ತಾರೀಖು ಮುಗಿಸಿ, 'ಚೌರಪ್ಪ' ಎಂದು ಕೆತ್ತಿದ್ದಾನೆ. ಹೆಸರಿನ ಮುಂದೆ ಎರಡು ಅಕ್ಷರದಷ್ಟು ಜಾಗ ಬಿಡು ಎಂದು ನಾನೇ ಹೇಳಿದ್ದೆ, ಬಿಟ್ಟಿದ್ದಾನೆ. ಕಲ್ಲಿನ ವಿಷಯ ಮೇಲಿನವರು ಏನೂ ಹೇಳಿಲ್ಲ, ಮನೆಯವರು ಹೇಗೆ ಬರೆಸುತ್ತಾರೋ ಹಾಗೆ ಎಂದು ಸ್ವಾಮಿಗಳು ಹೇಳಿದರು. ಮನೆಯಲ್ಲಿ ಈಗ ದೊಡ್ಡವಳು ನೀನು. ಒಂದು ಕಾರ್ಡಿನಲ್ಲಿ ಅವನ ಹೆಸರನ್ನು ನಿನ್ನ ಕೈಯಿಂದ ಬರೆದು ಕಳಿಸು, ಬೇರೇನೂ ಬೇಡ. ನೀನು ಬರೆದ ಹಾಗೆಯೇ ಕೆತ್ತಿಸುತ್ತೇನೆ.